ಗಣಿಯ ‘ಕ್ಯಾಪ್ಟನ್’ ಯಾವ ಊರಿನವನು? ಕೋಲಾರದ ಕಾರ್ನ್‌ವಾಲ್ ಪೂರ್ವಜರು ಮತ್ತು ಮನೆತನದ ದಾಖಲೆಗಳು

ಕೋಲಾರದ ಚಿನ್ನದ ಗಣಿಗಳ ಇತಿಹಾಸವನ್ನು ಬರೆದವರು ಕಂಪನಿಗಳ ವರದಿಗಳನ್ನೂ ಮೈಸೂರು ಸರ್ಕಾರದ ಕಡತಗಳನ್ನೂ ಧಾರಾಳವಾಗಿ ಬಳಸಿಕೊಂಡಿದ್ದಾರೆ. ಅಲ್ಲಿ ಕೆಲಸಕ್ಕಿದ್ದ ಇಂಗ್ಲೆಂಡಿನ ಗಣಿಗಾರರ ವಂಶಸ್ಥರು ಜೋಪಾನವಾಗಿರಿಸಿಕೊಂಡು ಬಂದ ಕಾಗದಪತ್ರಗಳು ಬೇರೊಂದು ಬಗೆಯ ಆಕರ. ಬೈಬಲ್ಲಿನ ಮೊದಲ ಹಾಳೆಯಲ್ಲಿ ಬರೆದ ಜನನ ಮರಣಗಳ ದಿನಾಂಕ, ಮದುವೆಯ ಪ್ರಮಾಣಪತ್ರ, ಹಿಂಬದಿಯಲ್ಲಿ ಹೆಸರು ಗೀಚಿದ ಛಾಯಾಚಿತ್ರ, ಇವುಗಳ ಆಧಾರದಿಂದ ಹತ್ತೊಂಬತ್ತನೆಯ ಶತಮಾನದ ಹಳ್ಳಿಗನೊಬ್ಬನನ್ನು ಗುರುತಿಸುವುದು ಸಾಧ್ಯವೇ, ಅವು ಎಷ್ಟರಮಟ್ಟಿಗೆ ನಂಬಲರ್ಹ ಎಂಬುದು ಪ್ರಸ್ತುತ ಲೇಖನದ ವಿಷಯ.

ಮೈಸೂರು ಸಂಸ್ಥಾನದ ವಿಷಯವನ್ನು ಚೆನ್ನೈನ ಟಿ. ನಗರದಲ್ಲಿ ಕುಳಿತು ಬರೆಯುವುದಕ್ಕೆ ಕಾರಣವಿದೆ. ರಾಜಕೀಯವಾಗಿ ಮೈಸೂರು ಬೇರೆಯಾಗಿದ್ದರೂ ಅಲ್ಲಿಯ ಆಂಗ್ಲಿಕನ್ ಚರ್ಚುಗಳು ಮದರಾಸಿನ ಧರ್ಮಪ್ರಾಂತಕ್ಕೆ ಸೇರಿದ್ದವು. ಪಾದ್ರಿಗಳು ದೀಕ್ಷಾಸ್ನಾನ, ಮದುವೆ, ಸಮಾಧಿಗಳ ವಿವರಗಳನ್ನು ಮದರಾಸಿಗೆ ಕಳುಹಿಸುತ್ತಿದ್ದರು. ಮದರಾಸಿನಿಂದ ಅವುಗಳ ಪ್ರತಿ ಲಂಡನ್ನಿಗೆ ಹೋಗುತ್ತಿತ್ತು. ಆ ಪ್ರತಿಗಳು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ‘ಎನ್/2’ ಎಂಬ ಮದರಾಸು ಶ್ರೇಣಿಯಲ್ಲಿವೆ. ಆದುದರಿಂದ ಕೋಲಾರದ ಆಂಗ್ಲ ಪೂರ್ವಜನನ್ನು ಹುಡುಕುವವರು ಮದರಾಸಿನ ಸೂಚಿಯನ್ನು ತೆರೆಯಬೇಕು. ಪ್ರೆಸಿಡೆನ್ಸಿ ಸರ್ಕಾರದ ಕಡತಗಳಿಗೆ ಎಗ್ಮೋರಿನಲ್ಲಿ 1909ರಲ್ಲಿ ಸ್ಥಾಪನೆಯಾದ, ಈಗ ತಮಿಳುನಾಡು ಅಭಿಲೇಖಾಲಯವೆನಿಸಿಕೊಂಡಿರುವ ದಾಖಲೆ ಕಚೇರಿಯಿದೆ. ಟಿ. ನಗರದ ಮಾಂಬಲಂ ನಿಲ್ದಾಣದಲ್ಲಿ ರೈಲು ಹತ್ತಿದರೆ ಕೋಡಂಬಾಕ್ಕಂ, ನುಂಗಂಬಾಕ್ಕಂ, ಚೆಟ್‌ಪೇಟೆಗಳನ್ನು ದಾಟಿ ಎಗ್ಮೋರ್. ಹೊರರಾಜ್ಯಗಳಿಂದ ಬರುವ ಸಂಶೋಧಕರಿಗೆ ಇಷ್ಟು ತಿಳಿದಿದ್ದರೆ ಅನುಕೂಲ.

ಟಿ. ನಗರವೆಂಬ ಹೆಸರೇ ಒಂದು ಪಾಠವನ್ನು ಹೇಳುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಊರಿರಲಿಲ್ಲ. ಮಾಂಬಲವೆಂಬ ಗ್ರಾಮವೂ ಅದರ ಬದಿಯ ದೊಡ್ಡ ಕೆರೆಯೂ ಇದ್ದವು. 1920ರ ದಶಕದಲ್ಲಿ ಆ ಕೆರೆಯ ನೀರನ್ನು ಬಸಿದು ಬಡಾವಣೆಯನ್ನು ನಿರ್ಮಿಸಿ, 1925ರಲ್ಲಿ ತೀರಿಕೊಂಡ ಪಿಟ್ಟಿ ತ್ಯಾಗರಾಯ ಚೆಟ್ಟಿಯವರ ಹೆಸರನ್ನಿಟ್ಟರು. 1890ರ ಘಟನೆಯೆಂದು ಹೇಳಿಕೊಳ್ಳುವ ಕಾಗದದಲ್ಲಿ ತ್ಯಾಗರಾಯನಗರದ ಹೆಸರು ಕಂಡರೆ ಆ ಬರವಣಿಗೆ ಆಮೇಲಿನದೆಂದು ತಿಳಿಯತಕ್ಕದ್ದು. ಕೋಲಾರಕ್ಕೂ ಇದೇ ಪರೀಕ್ಷೆ ಸಲ್ಲುತ್ತದೆ. ಇಂದಿನ ಬಂಗಾರಪೇಟೆ ಅಂದು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಲೂಯಿನ್ ಬೌರಿಂಗನ ಹೆಸರು ಅದು. ಮನೆತನದ ವಂಶಾವಳಿಯಲ್ಲಿ ಅಜ್ಜ ‘ಬಂಗಾರಪೇಟೆಯಲ್ಲಿ’ ಇಳಿದನೆಂದಿದ್ದರೆ ಮೊಮ್ಮಕ್ಕಳ ಕೈ ಅಲ್ಲಿ ಆಡಿದೆ. ಇದರಿಂದ ಸಂಗತಿ ಸುಳ್ಳಾಗುವುದಿಲ್ಲ. ಸಾಕ್ಷಿಯ ವಯಸ್ಸು ಮಾತ್ರ ಗೊತ್ತಾಗುತ್ತದೆ.

ಈ ಗಣಿಗಾರರು ಬಂದ ಸಂದರ್ಭ ಸುಪರಿಚಿತವಾದುದು. 1871ರಲ್ಲಿ ಲವೆಲ್ ಎಂಬ ನಿವೃತ್ತ ಐರಿಷ್ ಸೈನಿಕನಿಂದ ಮೊದಲಾದ ಹುಡುಕಾಟ, 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಗಮನ, ಬಳಿಕ ಅದಿರಿನ ಸಮೃದ್ಧಿ. ಅತ್ತ ಇಂಗ್ಲೆಂಡಿನ ನೈಋತ್ಯದ ತುದಿಯ ಕಾರ್ನ್‌ವಾಲಿನಲ್ಲಿ 1866ರ ಹಣಕಾಸಿನ ಮುಗ್ಗಟ್ಟಿನ ನಂತರ ತಾಮ್ರದ ಗಣಿಗಳು ಒಂದೊಂದಾಗಿ ಮುಚ್ಚಿದವು. ರೆಡ್‌ರುತ್, ಕ್ಯಾಂಬೋರ್ನ್ ಸುತ್ತಣ ಹಳ್ಳಿಗಳ ಗಂಡಸರು ಆಸ್ಟ್ರೇಲಿಯ, ದಕ್ಷಿಣ ಆಫ್ರಿಕ, ಅಮೆರಿಕಗಳಿಗೆ ಹೊರಟಂತೆ ಕೋಲಾರಕ್ಕೂ ಬಂದರು. ಅವರನ್ನು ಆಂಗ್ಲರೆಂದು ಕರೆಯುವುದು ನಮ್ಮ ರೂಢಿ. ಆದರೆ ಕಾರ್ನ್‌ವಾಲಿಗೆ ತನ್ನದೇ ಆದ ಕೆಲ್ಟಿಕ್ ಭಾಷೆಯಿತ್ತು. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಅದರ ಬಳಕೆ ನಿಂತರೂ ಮನೆತನಗಳ ಹೆಸರುಗಳಲ್ಲಿ ಉಳಿಯಿತು. ‘ಟ್ರೆ’ ಎಂದರೆ ಹಳ್ಳಿ, ‘ಪೋಲ್’ ಎಂದರೆ ಕೊಳ, ‘ಪೆನ್’ ಎಂದರೆ ತಲೆ ಅಥವಾ ತುದಿ. ನಮ್ಮ ಸ್ಥಳನಾಮ ಅಧ್ಯಯನದ ವಿದ್ಯಾರ್ಥಿಗಳಿಗೆ ಇದು ಅಪರಿಚಿತವಾದ ದಾರಿಯೇನಲ್ಲ. ಅನೇಕ ವೇಳೆ ಮನೆತನದ ಹೆಸರೇ ಮೂಲ ಜಿಲ್ಲೆಯನ್ನು ಸೂಚಿಸುತ್ತದೆ.

ಹೆಚ್ಚಿನವರು ದಾರಿ ತಪ್ಪುವುದು ‘ಕ್ಯಾಪ್ಟನ್’ ಎಂಬ ಪದದಲ್ಲಿ. ಮನೆಯ ಕಾಗದದಲ್ಲಿ ಅಜ್ಜನ ಹೆಸರಿನ ಹಿಂದೆ ಅದು ಕಂಡೊಡನೆ ವಂಶಸ್ಥರು ಸೈನ್ಯದ ಪಟ್ಟಿಗಳನ್ನು ಜಾಲಾಡುವುದುಂಟು. ಅಲ್ಲಿ ಏನೂ ಸಿಗುವುದಿಲ್ಲ. ಕಾರ್ನ್‌ವಾಲಿನ ಗಣಿಗಳಲ್ಲಿ ಕೆಲಸದ ಮೇಲ್ವಿಚಾರಕನಿಗೆ ಕ್ಯಾಪ್ಟನ್ ಎಂದೇ ಹೆಸರು. 1880ರ ದಶಕದ ನಡುವಿನಲ್ಲಿ ಚಾಂಪಿಯನ್ ಅದಿರಿನ ಪದರವನ್ನು ಪತ್ತೆಹಚ್ಚಿದ ಪ್ಲಮರನನ್ನು ಕೋಲಾರದ ಇತಿಹಾಸಗಳು ಕ್ಯಾಪ್ಟನ್ ಪ್ಲಮರ್ ಎಂದು ಕರೆಯುವುದು ಈ ಅರ್ಥದಲ್ಲಿಯೇ. ವೃತ್ತಿಯ ಮಾತನ್ನು ಅರಿಯದೆ ವಂಶಾವಳಿಯನ್ನು ಓದಿದರೆ ಗಣಿಯ ಮೇಸ್ತ್ರಿ ಸೇನಾನಿಯಾಗಿಬಿಡುತ್ತಾನೆ.

ಹಳ್ಳಿಯನ್ನು ನಿಶ್ಚಯಿಸಲು ಕೋಲಾರದ ಮದುವೆಯ ದಾಖಲೆಯಿಂದ ಹಿಂದಕ್ಕೆ ನಡೆಯುವುದು ಲೇಸು. ಇಂಗ್ಲೆಂಡಿನಲ್ಲಿ 1837ರ ಜುಲೈನಿಂದ ಜನನ, ವಿವಾಹ, ಮರಣಗಳ ಸರ್ಕಾರಿ ನೋಂದಣಿ ಆರಂಭವಾಯಿತು. ಅಂದಿನಿಂದ ಮದುವೆಯ ಪತ್ರದಲ್ಲಿ ವಧೂವರರಿಬ್ಬರ ತಂದೆಯರ ಹೆಸರೂ ವೃತ್ತಿಯೂ ಇರುತ್ತವೆ. 1851ರಿಂದ ಜನಗಣತಿಯಲ್ಲಿ ಹುಟ್ಟಿದ ಪ್ಯಾರಿಷ್ ನಮೂದಾಗಿದೆ. 1841ರ ಗಣತಿಯನ್ನು ಮಾತ್ರ ಎಚ್ಚರದಿಂದ ಬಳಸಬೇಕು. ಹದಿನೈದು ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯುವುದು ಅಲ್ಲಿಯ ಕ್ರಮವಾಗಿದ್ದು, 29ರವನು 25ರವನಾಗಿ ಕಾಣುತ್ತಾನೆ. 1813ರಿಂದ ಚರ್ಚಿನ ಅಚ್ಚಾದ ದೀಕ್ಷಾಸ್ನಾನ ಪುಸ್ತಕಗಳಲ್ಲಿ ತಂದೆಯ ವೃತ್ತಿಯೂ ವಾಸಸ್ಥಳವೂ ದೊರೆಯುತ್ತವೆ. ತೊಡಕೆಂದರೆ ಕಾರ್ನ್‌ವಾಲಿನ ಗಣಿಗಾರರಲ್ಲಿ ಮೆಥಡಿಸ್ಟರು ಬಹುಸಂಖ್ಯರು. ಅವರ ಮಕ್ಕಳ ಹೆಸರು ಊರಿನ ಚರ್ಚಿನ ಪುಸ್ತಕದಲ್ಲಿ ಇಲ್ಲದಿದ್ದರೆ ಅವರ ಸಭೆಯ ಪುಸ್ತಕದಲ್ಲಿ ಹುಡುಕಬೇಕು. ಭಾರತದಲ್ಲಿಯೂ ಆಂಗ್ಲಿಕನ್ ಅಲ್ಲದವರ ದೀಕ್ಷಾಸ್ನಾನಗಳು ಸೂಚಿಯಿಂದ ಎಷ್ಟೋ ಸಲ ಜಾರಿಹೋಗಿವೆ. 1872ರ ಕ್ರೈಸ್ತ ವಿವಾಹ ಕಾಯಿದೆಯ ದೆಸೆಯಿಂದ ಮದುವೆಗಳು ಹೆಚ್ಚು ಕ್ರಮವಾಗಿ ದೊರೆಯುತ್ತವೆ. ಜಾನ್, ಥಾಮಸ್, ವಿಲಿಯಂ ಎಂಬ ಹೆಸರುಗಳು ಪ್ರತಿ ತಲೆಮಾರಿನಲ್ಲೂ ಮರುಕಳಿಸುವುದರಿಂದ ಒಂದೇ ಸಾಕ್ಷಿಯ ಮೇಲೆ ಸಂಬಂಧ ಕಟ್ಟುವುದು ಸಾಧುವಲ್ಲ.

ಇಷ್ಟಾಗಿ ದೊರೆಯುವುದು ಗಂಡಸಿನ ಕಡೆಯ ವಂಶ. ಭಾರತದಲ್ಲಿ ನೆಲೆಸಿ ಇಲ್ಲಿಯ ಹೆಣ್ಣಿನೊಡನೆ ಬಾಳಿದವನ ಸಂತತಿ ಹುಡುಕಲು ಹೊರಟರೆ ತಾಯಿಯ ಬಳಿ ದಾರಿ ಮುಗಿಯುತ್ತದೆ. ಮದರಾಸಿನ ಹಳೆಯ ದೀಕ್ಷಾಸ್ನಾನ ಪುಸ್ತಕಗಳಲ್ಲಿ ಅಂತಹ ತಾಯಿಯ ಸ್ಥಾನ ಬರಿದಾಗಿರುವುದುಂಟು. ‘ಸ್ಥಳೀಯ ಸ್ತ್ರೀ’ ಎಂದಷ್ಟೇ ಇರುವುದುಂಟು. ಮತಾಂತರದಲ್ಲಿ ಕೊಟ್ಟ ಮೇರಿ, ಆನ್ ಎಂಬ ಒಂಟಿ ಹೆಸರಿರುವುದೂ ಉಂಟು. ಆಕೆಯ ತಂದೆ ಯಾರು, ಊರು ಯಾವುದು, ಮಾತು ಯಾವುದೆಂದು ತಿಳಿಸುವವರಿಲ್ಲ. ನಮ್ಮಲ್ಲಿ ಶ್ರಾದ್ಧದ ಸಂಕಲ್ಪದಲ್ಲಿ ತಂದೆ, ತಾತ, ಮುತ್ತಾತರೊಡನೆ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರನ್ನೂ ಹೇಳುವ ಪದ್ಧತಿಯಿದೆ. ಬಾಯಿಂದ ಬಾಯಿಗೆ ಬಂದ ಈ ಪಟ್ಟಿಗೆ ಮೂರು ತಲೆಮಾರಿನ ಗಡಿಯಿದ್ದರೂ, ಆ ಗಡಿಯೊಳಗೆ ಹೆಂಗಸಿನ ಹೆಸರು ಅಳಿಯುವುದಿಲ್ಲ. ಈ ಒಂದು ಅಂಶದಲ್ಲಿ ಸರ್ಕಾರದ ಪುಸ್ತಕಕ್ಕಿಂತ ಅದು ಮೇಲು.

ಅದೇ ಸುರಂಗದಲ್ಲಿ ಇಳಿದ ಇತರರ ಗತಿ ಇನ್ನೂ ಬೇರೆ. ಉತ್ತರ ಆರ್ಕಾಟ್, ಸೇಲಂ ಕಡೆಗಳಿಂದ ಬಂದ ದಲಿತ ಕಾರ್ಮಿಕರು ಸಂಖ್ಯೆಯಲ್ಲಿ ಎಷ್ಟೋ ಪಾಲು ಹೆಚ್ಚು. ಮೈಸೂರಿನ ಜನಗಣತಿಗಳಲ್ಲಿ ಅವರ ಒಟ್ಟು ಲೆಕ್ಕವಿದೆಯೇ ವಿನಾ ಮನೆಮನೆಯ ಹೆಸರುಪಟ್ಟಿಗಳನ್ನು ಇಂಗ್ಲೆಂಡಿನಂತೆ ಉಳಿಸಿಕೊಳ್ಳಲಿಲ್ಲ. ಕಾರ್ನ್‌ವಾಲಿನವನ ಮೊಮ್ಮಗಳು ಇಂದು ಆತ ಹುಟ್ಟಿದ ಹಳ್ಳಿಯನ್ನು ಹೇಳಬಲ್ಲಳು. ಅವನ ಜೊತೆಗೆ ಬಂಡೆ ಕೊರೆದವನ ಮೊಮ್ಮಗಳಿಗೆ ಮನೆಯವರ ನೆನಪೇ ಆಧಾರ. ಅವರನ್ನು ಒಬ್ಬೊಬ್ಬರನ್ನಾಗಿ ದಾಖಲಿಸುವ ಯೋಜನೆಯೊಂದು ಬಂದದ್ದು 1930ರಲ್ಲಿ, ಬೆರಳಚ್ಚಿನ ನೋಂದಣಿಯ ರೂಪದಲ್ಲಿ. ಅದು ಕಾವಲಿನ ಸಾಧನವೆಂಬುದನ್ನು ಅರಿತ ಕಾರ್ಮಿಕರು ಆ ವರ್ಷವೇ ಮುಷ್ಕರ ಹೂಡಿದರು.