ಒಂದು ಕಮಾನು, ಎರಡು ಹೆಸರು: ಮಂಡ್ಯದ ಮಾತು ನ್ಯಾಷನಲ್ ಮೀಡಿಯಾಗೆ ಹೋದ ಕಥೆ

ಬೆಂಗಳೂರು–ಮೈಸೂರು ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇದ್ದೀರಾ? ಹಾಗಿದ್ರೆ ಇವತ್ತಿನ ಎಪಿಸೋಡ್ ನಿಮ್ಮ ದಾರಿಯಲ್ಲೇ ಸಿಗೋ ಊರುಗಳದ್ದು.

2023ರ ಮಾರ್ಚ್ 12. ಎಕ್ಸ್‌ಪ್ರೆಸ್‌ವೇ ಉದ್ಘಾಟನೆಗೆ ಪ್ರಧಾನಿ ನರೇಂದ್ರ ಮೋದಿ ಮಂಡ್ಯ ಜಿಲ್ಲೆಗೆ ಬಂದರು. ಮಂಡ್ಯದಲ್ಲಿ ರೋಡ್ ಶೋ, ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಸಭೆ. ಸ್ವಾಗತಕ್ಕೆ ಹಾಕಿದ್ದ ಕಮಾನೊಂದರ ಮೇಲೆ ಎರಡು ಹೆಸರಿದ್ದವು: ಉರಿಗೌಡ, ನಂಜೇಗೌಡ. ಗಲಾಟೆ ಆದ ಮೇಲೆ ಅದನ್ನ ತೆಗೆದು ಬಾಲಗಂಗಾಧರನಾಥ ಸ್ವಾಮೀಜಿ ಹೆಸರು ಹಾಕಿದರು. ಕಮಾನಿನಿಂದ ಹೆಸರು ಹೋಯಿತು, ಆದರೆ ಟಿವಿಯಿಂದ ಹೋಗಲಿಲ್ಲ.

ಯಾರು ಇವರು? ಟಿಪ್ಪು ಸುಲ್ತಾನನನ್ನು ಕೊಂದಿದ್ದು ಬ್ರಿಟಿಷರಲ್ಲ, ಈ ಇಬ್ಬರು ಒಕ್ಕಲಿಗ ವೀರರು ಅನ್ನೋದು ವಾದ. ಅಡ್ಡಂಡ ಕಾರ್ಯಪ್ಪ ಅವರ ‘ಟಿಪ್ಪು ನಿಜಕನಸುಗಳು’ ನಾಟಕ 2022ರಲ್ಲಿ ಬಂದಾಗ ಈ ಮಾತು ಜೋರಾಯಿತು. ಚುನಾವಣೆ ಹತ್ತಿರ ಬರುತ್ತಿದ್ದಂತೆ ಬಿಜೆಪಿ ನಾಯಕರು ಅದನ್ನೇ ವೇದಿಕೆಗಳಲ್ಲಿ ಹೇಳಿದರು.

ಈಗ ದಾಖಲೆ ನೋಡೋಣ. 1799ರ ಮೇ 4ರಂದು ಬ್ರಿಟಿಷ್ ಸೇನೆ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿತು. ಆ ರಾತ್ರಿ ಕೋಟೆಯ ಒಂದು ಬಾಗಿಲ ಬಳಿ, ಹೆಣಗಳ ರಾಶಿಯಲ್ಲಿ ಟಿಪ್ಪುವಿನ ದೇಹ ಸಿಕ್ಕಿತು. ಆ ಯುದ್ಧದಲ್ಲಿದ್ದ ಅಲೆಕ್ಸಾಂಡರ್ ಬೀಟ್ಸನ್ 1800ರಲ್ಲೇ ಪುಸ್ತಕ ಬರೆದ. ಟಿಪ್ಪು ಜೊತೆಗಿದ್ದ ಸೇವಕನ ಹೇಳಿಕೆ ಪ್ರಕಾರ, ಕತ್ತಿಯ ಪಟ್ಟಿ ಕಿತ್ತುಕೊಳ್ಳೋಕೆ ಬಂದ ಸೈನಿಕನೊಬ್ಬನಿಗೆ ಟಿಪ್ಪು ಏಟು ಹಾಕಿದ, ಆ ಸೈನಿಕ ಗುಂಡು ಹಾರಿಸಿದ. ಉರಿಗೌಡ–ನಂಜೇಗೌಡರ ಪರ ಮಾತಾಡಿದವರು ದೇ. ಜವರೇಗೌಡರ ಸಂಪಾದಕತ್ವದ ‘ಸುವರ್ಣ ಮಂಡ್ಯ’ ಪುಸ್ತಕ ತೋರಿಸಿದರು. ಸರಿ, ಆದರೆ ಟಿಪ್ಪು ಸತ್ತು ಎಷ್ಟೋ ತಲೆಮಾರು ಆದ ಮೇಲೆ ಬಂದ ಪುಸ್ತಕದಲ್ಲಿ ಹೆಸರಿರೋದು ಬೇರೆ, ಅವರೇ ಕೊಂದರು ಅನ್ನೋದಕ್ಕೆ ಆ ಕಾಲದ ಸಾಕ್ಷಿ ಇರೋದು ಬೇರೆ. ನಾನು ಓದಿದ್ದು ಬಿಕಾಂ. ವೋಚರ್ ಇಲ್ಲದೆ ಎಂಟ್ರಿ ಹಾಕಬೇಡಿ ಅನ್ನೋದು ನಮಗೆ ಕಲಿಸಿದ ಮೊದಲ ಪಾಠ.

ಹಾಗಿದ್ರೆ ವೋಚರ್ ಇಲ್ಲದ ಎಂಟ್ರಿ ಇಷ್ಟು ದೂರ ಹೋಗಿದ್ದು ಹೇಗೆ? ಹಂತ ಹಂತವಾಗಿ. ನಾಟಕದಲ್ಲಿ ಅವರು ಪಾತ್ರಗಳು. ಭಾಷಣದಲ್ಲಿ ಪೂರ್ವಜರು. ಇಂಗ್ಲಿಷ್ ವರದಿಗಳಲ್ಲಿ ‘ಒಕ್ಕಲಿಗ ಪಾಳೇಗಾರರು’. ಹೀಗೆ ಇದ್ದರೋ ಇಲ್ಲವೋ ಅನ್ನೋದೇ ಖಾತ್ರಿಯಿಲ್ಲದವರಿಗೆ ಜಾತಿಯೂ ಸಿಕ್ಕಿತು, ಪದವಿಯೂ ಸಿಕ್ಕಿತು. ಟಿವಿ ಚರ್ಚೆಗೆ ಬರೋ ಹೊತ್ತಿಗೆ ಪ್ರಶ್ನೆ ‘ಟಿಪ್ಪುವನ್ನು ಕೊಂದವರು ಯಾರು?’ ಅಂತಾಗಿತ್ತು. ‘ಇದಕ್ಕೆ ಸಾಕ್ಷಿ ಏನು?’ ಅಂತ ಕೇಳಿದ್ರೆ ಮಾತು ಅರ್ಧ ನಿಮಿಷಕ್ಕೆ ಮುಗೀತಿತ್ತು. ‘ಯಾರು?’ ಅಂದ್ರೆ ಒಂದು ಗಂಟೆ ಕೂಗಾಡಬಹುದು.

ಎದುರು ಪಾಳಯದವರೂ ಭಾವನೆ ಬಿಡಲಿಲ್ಲ. ಇದು ಕಟ್ಟುಕಥೆ ಅಂದಿದ್ದು ಸರಿಯೇ. ಆದರೆ ಜೊತೆಗೆ ‘ಒಕ್ಕಲಿಗರಿಗೆ ಅವಮಾನ’ ಅನ್ನೋ ಮಾತೂ ಸೇರಿತು. ಇತಿಹಾಸದ ಪ್ರಶ್ನೆ ಸಮುದಾಯದ ಮಾನದ ಪ್ರಶ್ನೆ ಆಗಿಹೋಯಿತು.

ಗೆಜ್ಜಲಗೆರೆ ಸಭೆಯಲ್ಲೂ ಹಾಗೇ ಆಯಿತು. ಸುಮಾರು 118 ಕಿಲೋಮೀಟರ್ ಉದ್ದದ ರಸ್ತೆಯ ಕಾರ್ಯಕ್ರಮ ಅದು. ಕಾಂಗ್ರೆಸ್ ನನ್ನ ಸಮಾಧಿ ತೋಡುವ ಕನಸು ಕಾಣ್ತಿದೆ, ನಾನು ರಸ್ತೆ ಕಟ್ಟೋದರಲ್ಲಿ ಬಿಜಿ ಅಂತ ಪ್ರಧಾನಿ ಹೇಳಿದರು. ದೇಶದ ಹೆಡ್‌ಲೈನ್‌ಗೆ ಹೋಗಿದ್ದು ‘ಸಮಾಧಿ’. ಸರ್ವಿಸ್ ರಸ್ತೆ, ಅಂಡರ್‌ಪಾಸ್, ಟೋಲ್ ಬಗ್ಗೆ ಊರವರು ಕೇಳ್ತಿದ್ದ ಪ್ರಶ್ನೆ ಜಿಲ್ಲಾ ಪುಟದಲ್ಲೇ ಉಳೀತು.

ಕೊನೆಗೆ ಆಗ ಸಚಿವರೂ ನಿರ್ಮಾಪಕರೂ ಆಗಿದ್ದ ಮುನಿರತ್ನ ‘ಉರಿಗೌಡ ನಂಜೇಗೌಡ’ ಸಿನಿಮಾ ಮಾಡ್ತೀನಿ ಅಂದರು. ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿ ಅವರನ್ನ ಕರೆಸಿ ಮಾತಾಡಿದರು. ಸರಿಯಾದ ದಾಖಲೆ ಇಲ್ಲದೆ ಗೊಂದಲ ಬೇಡ ಅನ್ನೋದು ಸ್ವಾಮೀಜಿ ಮಾತಿನ ಸಾರಾಂಶ. ಅದೇ ಮಾರ್ಚ್‌ನಲ್ಲಿ ಸಿನಿಮಾ ನಿಂತಿತು, ಗದ್ದಲವೂ ತಣ್ಣಗಾಯಿತು.

ಒಳ್ಳೇದೇ ಆಯಿತು. ಆದರೂ ನನಗೆ ಒಂದು ವಿಷಯ ಚುಚ್ಚುತ್ತೆ. ಅಷ್ಟು ಚಾನೆಲ್, ಅಷ್ಟು ಚರ್ಚೆ ನಿಲ್ಲಿಸೋಕೆ ಆಗದ್ದನ್ನ ಮಠದ ಒಂದು ಮಾತು ನಿಲ್ಲಿಸಿತು. ಅಂದ್ರೆ ಆ ಕಥೆ ನಿಂತಿದ್ದು ಸಾಕ್ಷಿ ಇಲ್ಲ ಅಂತಲ್ಲ, ಸ್ವಾಮೀಜಿ ಬೇಡ ಅಂದಿದ್ದಕ್ಕೆ. ನಾಳೆ ಮಠ ಸುಮ್ಮನಿದ್ದರೆ?

ಇದೇ ಮದ್ದೂರಿನ ಹೆಸರು ಹಿಂದೆಯೂ ದೇಶಕ್ಕೆ ಕೇಳಿಸಿತ್ತು. 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ನಿಷೇಧ ಮುರಿದು ಧ್ವಜ ಹಾರಿಸಿದರು. ಸಾವಿರಾರು ಜನರ ಕಣ್ಣೆದುರೇ ನಡೆದ ಘಟನೆ ಅದು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಯಿತು. ಆಮೇಲೆ ವಲ್ಲಭಭಾಯಿ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತುಕತೆ ನಡೆಸಿದರು. ಆಗಲೂ ಭಾವನೆ ಇತ್ತು, ಘೋಷಣೆ ಇತ್ತು. ಆದರೆ ಅದರ ಅಡಿಯಲ್ಲಿ ನಡೆದ ಘಟನೆಯೂ ಇತ್ತು.

2023ರ ಮೇ ಫಲಿತಾಂಶ ನಿಮಗೆ ಗೊತ್ತಿರಬಹುದು. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಾಂಗ್ರೆಸ್‌ಗೆ ಹೋದವು. ಜಿಲ್ಲೆಯ 7 ಸೀಟಲ್ಲಿ ಬಿಜೆಪಿಗೆ ಒಂದೂ ಬರಲಿಲ್ಲ. 2019ರ ಉಪಚುನಾವಣೆಯಲ್ಲಿ ಗೆದ್ದಿದ್ದ ಕೆ.ಆರ್. ಪೇಟೆಯೂ ಕೈತಪ್ಪಿತು. ಇದಕ್ಕೆ ಆ ಎರಡು ಹೆಸರೇ ಕಾರಣ ಅಂತ ನಾನು ಹೇಳಲ್ಲ. ಆ ಹೆಸರು ವೋಟು ತರಲಿಲ್ಲ ಅಂತ ಮಾತ್ರ ಹೇಳಬಹುದು.

ಆದರೆ ನಷ್ಟ ಆಗಿದ್ದು ಪಕ್ಷಕ್ಕೆ ಮಾತ್ರ ಅಲ್ಲ. ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗದಲ್ಲಿರೋ ಮದ್ದೂರು, ಮಳವಳ್ಳಿ ರೈತರು ವರ್ಷಗಳಿಂದ ಒಂದೇ ಮಾತು ಕೇಳ್ತಿದ್ದಾರೆ: ನೀರು ನಮ್ಮ ಗದ್ದೆವರೆಗೂ ಯಾವಾಗ ಬರುತ್ತೆ? ಈ ಪ್ರಶ್ನೆಗೆ ದಾಖಲೆ ಇದೆ, ಸಾಕ್ಷಿ ಇದೆ, ಒಣಗಿದ ಬೆಳೆ ಇದೆ. ಪ್ರೈಮ್ ಟೈಮ್ ಮಾತ್ರ ಇಲ್ಲ.

ಮುಂದಿನ ಚುನಾವಣೆಗೆ ಇನ್ನೊಂದು ಹೆಸರು ಬರುತ್ತೆ, ಯಾವ ಪಕ್ಷದಿಂದ ಬೇಕಾದರೂ ಬರಬಹುದು. ನಿಮ್ಮ ವಾಟ್ಸಾಪ್‌ಗೆ ಬಂದಾಗ ಫಾರ್ವರ್ಡ್ ಮಾಡೋಕೆ ಮುಂಚೆ ಒಂದೇ ಪ್ರಶ್ನೆ ಕೇಳಿ: ವೋಚರ್ ಎಲ್ಲಿ? ಮುಂದಿನ ವಾರ ಸಿಗೋಣ.