ಬೃಹತ್ ಚೌಕ ಬೇಲರ್: ಬಾಡಿಗೆ ಕೆಲಸಕ್ಕೆ ಆಯ್ಕೆ

ಬೃಹತ್ ಚೌಕ ಬೇಲರ್ ಎಂಬುದು ಟ್ರ್ಯಾಕ್ಟರ್ ಎಳೆಯುವ ಯಂತ್ರ. ಹೊಲದಲ್ಲಿ ಸಾಲಾಗಿ ಬಿದ್ದ ಹುಲ್ಲನ್ನು ಅದು ಎತ್ತಿ, ಒತ್ತಿ, ಹುರಿಯಿಂದ ಬಿಗಿದು ದೊಡ್ಡ ಪೆಂಡಿಗಳಾಗಿ ಕಟ್ಟುತ್ತದೆ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಹೆಸ್‌ಸ್ಟನ್ ಕಂಪನಿ 1978ರಲ್ಲಿ ತಂದ 4800 ಮಾದರಿಯಿಂದ ಇದರ ಚರಿತ್ರೆ ಶುರುವಾಗುತ್ತದೆ. ಸುಮಾರು ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ ಪೆಂಡಿಯನ್ನು, ಅದನ್ನು ಯಾವ ಯಂತ್ರವೇ ಕಟ್ಟಿರಲಿ, ಬ್ರಿಟನ್ನಿನ ರೈತರು ಇಂದಿಗೂ ‘ಹೆಸ್‌ಸ್ಟನ್’ ಎಂದೇ ಕರೆಯುತ್ತಾರೆ. 1980ರ ದಶಕದ ಕೊನೆಯಲ್ಲಿ ನ್ಯೂ ಹಾಲೆಂಡ್ ಮತ್ತು ಕ್ಲಾಸ್ ಕಂಪನಿಗಳ ಯಂತ್ರಗಳು ಬಂದವು. ಜರ್ಮನಿಯ ಕ್ರೋನೆಯೂ ಈ ಕ್ಷೇತ್ರದ ದೊಡ್ಡ ಹೆಸರು.

ಬ್ರಿಟನ್, ಐರ್ಲೆಂಡ್‌ಗಳಲ್ಲಿ ಇಂಥ ಯಂತ್ರವಿಟ್ಟುಕೊಂಡು ಊರೂರು ಸುತ್ತಿ, ಪೆಂಡಿಗಿಷ್ಟು ಎಂದು ಕೂಲಿ ಪಡೆಯುವ ಗುತ್ತಿಗೆದಾರರಿದ್ದಾರೆ. ಅವರ ವರ್ಷದ ದುಡಿಮೆ ನಿಂತಿರುವುದು ಮಳೆಗಳ ನಡುವಿನ ಕೆಲವೇ ಒಣ ದಿನಗಳ ಮೇಲೆ. ಆದ್ದರಿಂದ ಅವರ ಪಾಲಿಗೆ ನಂಬಿಕಸ್ಥ ಯಂತ್ರವೆಂದರೆ ಎಂದೂ ಕೆಡದ ಯಂತ್ರವಲ್ಲ. ಅಂಥದ್ದು ಇಲ್ಲವೇ ಇಲ್ಲ. ಕೆಟ್ಟರೆ ಅದೇ ದಿನ ಮತ್ತೆ ಓಡುವ ಯಂತ್ರವೇ ಅವರಿಗೆ ನಂಬಿಕಸ್ಥ. ಕಂಪನಿಯ ಹೆಸರಿಗಿಂತ ಈ ಅಳತೆಗೋಲೇ ಮುಖ್ಯ.

ಗಂಟು ಹಾಕುವ ಭಾಗವನ್ನೇ ನೋಡೋಣ. 120 ಸೆಂಟಿಮೀಟರ್ ಅಗಲದ ಪೆಂಡಿಗೆ ಸಾಮಾನ್ಯವಾಗಿ ಆರು ಹುರಿಗಳು ಬೇಕು. ಒಂದೊಂದು ಹುರಿಗೂ ಎರಡೆರಡು ಗಂಟು. ಗಂಟು ಬೀಳುವ ಹೊತ್ತಿನಲ್ಲಿ ಹುರಿಯ ಮೇಲೆ ಎಳೆತ ಬಾರದಿರಲೆಂದೇ ಈ ಜೋಡಿಗಂಟಿನ ಏರ್ಪಾಡು: ಹುರಿ ಮೇಲಿನಿಂದಲೂ ಕೆಳಗಿನಿಂದಲೂ ಹರಿದುಬರುತ್ತದೆ. ಪೆಂಡಿಗೆ ಹನ್ನೆರಡು ಗಂಟಾದರೆ ಹತ್ತು ಸಾವಿರ ಪೆಂಡಿಗೆ 1,20,000. ಸಾವಿರಕ್ಕೆ ಒಂದೇ ಗಂಟು ತಪ್ಪಿದರೂ 120 ಕಡೆ ಹುರಿ ಸಡಿಲ. ಧೂಳು ಸೇರಿದ ಗಂಟುಕೊಕ್ಕೆ, ಸವೆದ ಚಾಕು, ಅಗ್ಗದ ಹುರಿ ಇವೇ ಇಲ್ಲಿನ ಶತ್ರುಗಳು. ಧೂಳೂದುವ ಫ್ಯಾನು, ಕೈಗೆ ಸುಲಭವಾಗಿ ಎಟುಕುವ ಗಂಟಿನ ಭಾಗ ಇರುವ ಯಂತ್ರಕ್ಕೆ ಹೆಚ್ಚು ಬೆಲೆ ಕೊಟ್ಟರೂ ನಷ್ಟವಿಲ್ಲ. ಇನ್ನು ನಿಮಿಷಕ್ಕೆ 40–50 ಬಾರಿ ಹೊಡೆದು ಹುಲ್ಲನ್ನು ಅದುಮುವ ಒತ್ತುಗಟ್ಟೆ. ಅದು ಸರಿದಾಡುವ ನಡುವೆಯೇ, ಅದರ ಸೀಳುಗಳಲ್ಲಿ ಹುರಿ ಒಯ್ಯುವ ಸೂಜಿಗಳು ತೂರಿ ಬರಬೇಕು. ಈ ಹೊಂದಾಣಿಕೆ ತಪ್ಪಿದರೆ ಸೂಜಿ ಮುರಿಯುತ್ತದೆ. ಭಾರ ಮೀರಿದಾಗ ಮೊದಲು ತುಂಡಾಗಲೆಂದೇ ಷಿಯರ್ ಬೋಲ್ಟ್ ಇಟ್ಟಿರುತ್ತಾರೆ. ಅದನ್ನು ಬದಲಿಸಲು ಕೆಲವೇ ನಿಮಿಷ ಸಾಕು. ಗೇರ್‌ಬಾಕ್ಸ್ ಹೋದರೆ ಮಾತ್ರ ದಿನಗಟ್ಟಲೆ ಕೆಲಸ ನಿಲ್ಲುತ್ತದೆ. ಬಿಡಿಭಾಗ ಇಟ್ಟುಕೊಂಡ, ಸುಗ್ಗಿಯಲ್ಲಿ ಭಾನುವಾರವೂ ಬಾಗಿಲು ತೆರೆಯುವ ಡೀಲರ್ ಹತ್ತಿರದಲ್ಲಿರಬೇಕೆನ್ನುವುದು ಇದಕ್ಕಾಗಿಯೇ.

ಹೊಸ ಯಂತ್ರ ಕೊಂಡರೆ ವಾರಂಟಿ ಇದೆಯಲ್ಲ ಎನ್ನಬಹುದು. ವಾರಂಟಿ ಮುರಿದ ಭಾಗವನ್ನು ಕೊಡುತ್ತದೆ, ಕಳೆದ ಬಿಸಿಲನ್ನು ಕೊಡುವುದಿಲ್ಲ. ಹೆಚ್ಚು ಸಾಂದ್ರವಾಗಿ ಒತ್ತುವ ಮಾದರಿಯೇ ಲೇಸೆಂಬ ವಾದಕ್ಕೆ ಇದಕ್ಕಿಂತ ತೂಕವಿದೆ. ಅದೇ ಹುಲ್ಲು ಕಡಿಮೆ ಪೆಂಡಿಗಳಲ್ಲಿ ಅಡಕವಾದರೆ ಸಾಗಣೆ ಅಗ್ಗ. ಇಂಗ್ಲೆಂಡಿನ ಈಲಿ ಬಳಿಯ 38 ಮೆಗಾವಾಟ್ ವಿದ್ಯುತ್ ಸ್ಥಾವರ ವರ್ಷಕ್ಕೆ ಸುಮಾರು ಎರಡು ಲಕ್ಷ ಟನ್ ಒಣಹುಲ್ಲು ಉರಿಸುತ್ತದೆ. ಇಂಥ ಕಡೆಗೆ ದೂರದಿಂದ ಹುಲ್ಲು ಕಳಿಸುವವರಿಗೆ ಸಾಂದ್ರತೆ ನಿಜವಾದ ಲಾಭ. ಆದರೆ ಒತ್ತಡ ಹೆಚ್ಚಿದಷ್ಟೂ ಹುರಿ, ಗಂಟು, ಗೇರ್‌ಬಾಕ್ಸ್‌ಗಳ ಮೇಲಿನ ಭಾರ ಹೆಚ್ಚು, ದೊಡ್ಡ ಟ್ರ್ಯಾಕ್ಟರೂ ಬೇಕು. ಪಕ್ಕದ ಊರಿನ ಕೊಟ್ಟಿಗೆಗೆ ಕಟ್ಟಿಕೊಡುವವನಿಗೆ ಇದು ಬೇಡದ ಹೊರೆ. ತೇವದ ಹುಲ್ಲನ್ನು ಹೀಗೆ ಬಿಗಿದರೆ ಒಳಗೆ ಕಾವು ಏರಿ ಬೆಂಕಿ ಹತ್ತುವ ಅಪಾಯವೂ ಉಂಟು.

ಕರ್ನಾಟಕದ ಸಣ್ಣ ಗದ್ದೆಗಳಿಗೆ ಈ ಗಾತ್ರದ ಯಂತ್ರ ಹೊಂದದು. ಭತ್ತದ ಹುಲ್ಲು ಸುತ್ತುವ ಸಣ್ಣ ಬೇಲರ್‌ಗಳನ್ನು ಬಾಡಿಗೆಗೆ ಓಡಿಸುವವರಿಗೂ ಹುರಿ ಮತ್ತು ಬಿಡಿಭಾಗದ ಲೆಕ್ಕ ಮಾತ್ರ ಇದೇ.

ಹಳೆಯ ಯಂತ್ರ ಕೊಳ್ಳುವಾಗ ಪೆಂಡಿ ಎಣಿಕೆಯ ಮೀಟರ್ ಒಂದನ್ನೇ ನಂಬಬಾರದು. ಕಡಿಮೆ ಎಣಿಕೆಯ, ಗ್ರೀಸ್ ಕಾಣದ ಯಂತ್ರಕ್ಕಿಂತ ಹೆಚ್ಚು ದುಡಿದು ಪ್ರತಿ ಚಳಿಗಾಲ ಗಂಟಿನ ಭಾಗ ಬಿಚ್ಚಿ ರಿಪೇರಿ ಕಂಡ ಯಂತ್ರ ಮೇಲು. ಒತ್ತುಗಟ್ಟೆಯ ಹಳಿ, ಬೇರಿಂಗ್, ಸೂಜಿಚೌಕಟ್ಟಿನ ಸಡಿಲಿಕೆಗಳನ್ನು ಕೈಯಿಂದ ಅಲ್ಲಾಡಿಸಿ ನೋಡಿ, ಕೆಲಸದ ಹೊಲದಲ್ಲೇ ಕೆಲವು ಪೆಂಡಿ ಕಟ್ಟಿಸಿ, ಗಂಟುಗಳನ್ನು ಒಂದೊಂದಾಗಿ ಪರೀಕ್ಷಿಸಿದ ಮೇಲೆಯೇ ಬೆಲೆಯ ಮಾತು.