ಒಂದು ಕಣ್ಣಿಗೆ ಕಪ್ಪು ಗಾಜು

ಜೆಕಿಲ್-ಹೈಡ್ ಕತೆ ಗೊತ್ತಿಲ್ಲದವರು ಕಡಿಮೆ. ಸ್ಟೀವನ್ಸನ್ 1886ರಲ್ಲಿ ಪ್ರಕಟಿಸಿದ ಆ ಪುಟ್ಟ ಪುಸ್ತಕದಲ್ಲಿ, ಇಬ್ಬರೂ ಒಬ್ಬನೇ ಅನ್ನುವುದು ಕೊನೆಯಲ್ಲಿ ಬಯಲಾಗುವ ಗುಟ್ಟು. ಸಿನೆಮಾದವರು ಅದನ್ನು ಎಂದೋ ಬಯಲು ಮಾಡಿಬಿಟ್ಟರು ಬಿಡಿ! ಈ ಪಾತ್ರಕ್ಕೇ ಫ್ರೆಡ್ರಿಕ್ ಮಾರ್ಚ್‌ಗೆ ಆಸ್ಕರ್ ಕೂಡ ಬಂತು.

ನಾನು ಹೇಳಹೊರಟದ್ದು ಯಾವ ಪ್ರಶಸ್ತಿಯೂ ನೆನಪಿಟ್ಟುಕೊಳ್ಳದ ಒಂದು ಬಡ ಚಿತ್ರದ ಬಗ್ಗೆ. ಹೆಸರು 'ಐ, ಮಾನ್‌ಸ್ಟರ್', 1971ರದ್ದು. ಇಂಗ್ಲೆಂಡಿನ ಆಮಿಕಸ್ ಎಂಬ ಸಣ್ಣ ಕಂಪನಿ ಮಾಡಿದ್ದು. ಬರೆದವರು ಮಿಲ್ಟನ್ ಸುಬೋಟ್‌ಸ್ಕಿ, ನಿರ್ದೇಶಕ ಇಪ್ಪತ್ತರ ಹರೆಯದ ಸ್ಟೀಫನ್ ವೀಕ್ಸ್. ಕ್ರಿಸ್ಟೋಫರ್ ಲೀ ಡಾಕ್ಟರು, ಪೀಟರ್ ಕುಶಿಂಗ್ ವಕೀಲ. ತಮಾಷೆ ನೋಡಿ, ವಕೀಲ ಅಟರ್ಸನ್, ಗೆಳೆಯ ಲ್ಯಾನ್ಯನ್ ಹೆಸರುಗಳು ಪುಸ್ತಕದಲ್ಲಿದ್ದಂತೆಯೇ ಇವೆ, ಜೆಕಿಲ್ ಮಾತ್ರ ಮಾರ್ಲೋ, ಹೈಡ್ ಮಾತ್ರ ಬ್ಲೇಕ್!

ಸುಬೋಟ್‌ಸ್ಕಿಗೆ ಇದನ್ನು ತ್ರೀಡಿಯಲ್ಲಿ ತೆಗೆಯುವ ಆಸೆ. ಕೈಯಲ್ಲಿ ಕಾಸಿಲ್ಲ. ಸಿಕ್ಕಿದ್ದು 'ಪುಲ್‌ಫ್ರಿಚ್ ಪರಿಣಾಮ'. ಒಂದು ಕಣ್ಣಿಗೆ ಕಪ್ಪು ಗಾಜು ಹಾಕಿದರೆ ಆ ಕಣ್ಣು ಕಂಡದ್ದು ಮಿದುಳಿಗೆ ಚೂರು ತಡವಾಗಿ ತಲುಪುತ್ತದೆ. ಅಡ್ಡಕ್ಕೆ ಚಲಿಸುವ ವಸ್ತು ಆಗ ಎರಡು ಕಣ್ಣಿಗೆ ಎರಡು ಜಾಗದಲ್ಲಿ ಕಾಣುತ್ತದೆ, ಮಿದುಳು ಅದನ್ನೇ ಆಳ ಎಂದುಕೊಳ್ಳುತ್ತದೆ. ಮಾಮೂಲಿ ಕ್ಯಾಮೆರಾ, ಮಾಮೂಲಿ ಪ್ರೊಜೆಕ್ಟರ್ ಸಾಕು. ಆದರೆ ಚಲನೆ ನಿಂತರೆ ಆಳವೂ ಮಾಯ. ಹಾಗಾಗಿ ಪ್ರತಿ ಶಾಟಿನಲ್ಲೂ ಏನಾದರೂ ಅಡ್ಡಕ್ಕೆ ಸರಿಯುತ್ತಲೇ ಇರಬೇಕು. ಹೀಗೆ ಕತೆ ಹೇಳುವುದುಂಟೇ? ಕೊನೆಗೆ ಆ ಆಸೆ ಕೈಬಿಟ್ಟು, ಸಾದಾ ಚಿತ್ರವಾಗಿಯೇ ಬಿಡುಗಡೆ ಮಾಡಿದರು. ಇವತ್ತಿಗೂ ಕೆಲವು ದೃಶ್ಯಗಳಲ್ಲಿ ಕ್ಯಾಮೆರಾ ಕಾರಣವೇ ಇಲ್ಲದೆ ಪಕ್ಕಕ್ಕೆ ಜಾರುತ್ತದೆ. ಬಿದ್ದುಹೋದ ಪ್ರಯೋಗದ ಗಾಯದ ಗುರುತು ಅದು.

ಇನ್ನೊಂದು ವಿಚಿತ್ರ: 1922ರಲ್ಲಿ ಇದನ್ನು ವಿವರಿಸಿದ ಜರ್ಮನ್ ವಿಜ್ಞಾನಿ ಕಾರ್ಲ್ ಪುಲ್‌ಫ್ರಿಚ್‌ಗೆ ಒಂದು ಕಣ್ಣು ಕುರುಡು. ತನ್ನ ಹೆಸರಿನ ಪರಿಣಾಮವನ್ನು ಆತ ಸ್ವತಃ ನೋಡುವ ಹಾಗಿರಲಿಲ್ಲ!

ಹಾಗಿದ್ದರೆ ಚಿತ್ರ ವ್ಯರ್ಥವೇ? ನನಗೆ ಹಾಗನ್ನಿಸುವುದಿಲ್ಲ. ಮಾರ್ಲೋ ಫ್ರಾಯ್ಡ್‌ನ ವಿಚಾರಗಳನ್ನು ನಂಬಿದವನು. ಒಳಗೆ ಅದುಮಿಟ್ಟದ್ದನ್ನು ಬಿಚ್ಚಿದರೆ ಮನುಷ್ಯ ಹಗುರಾಗುತ್ತಾನೆ ಅನ್ನುವುದು ಅವನ ಲೆಕ್ಕ. ಬ್ಲೇಕ್ ಮೊದಲ ಸಲ ಹೊರಬಂದಾಗ ಭೂತದಂತಿಲ್ಲ, ತುಂಟ ಹುಡುಗನ ಹಾಗೆ ನಗುತ್ತಾನಷ್ಟೆ. ಚುಚ್ಚುಮದ್ದು ಏರಿದಂತೆಲ್ಲ ಮುಖ ಸ್ವಲ್ಪ ಸ್ವಲ್ಪವೇ ವಿಕಾರವಾಗುತ್ತದೆ. ಮಾರ್ಲೋನ ಗಂಟುಮುಖದಲ್ಲಿ ಇಲ್ಲದ ಆ ನಗು ನೋಡಿ ನನಗೆ ಮೊದಲು ಖುಷಿಯೇ ಆಯಿತು. ಹೆದರಿಕೆ ಹುಟ್ಟಿದ್ದು ಆಮೇಲೆ, ಆ ಖುಷಿಯ ಬಗ್ಗೆಯೇ.

ಕೆಡುಕು ಕೋರೆಹಲ್ಲಿಟ್ಟುಕೊಂಡು ಬಂದರೆ ಬಾಗಿಲು ಹಾಕಿಕೊಳ್ಳಬಹುದು. ನಗುತ್ತಾ ಬಂದರೆ? ಎಪ್ಪತ್ತೈದು ನಿಮಿಷ ಬಿಡುವಿದ್ದರೆ ನೋಡಿ. ಕಪ್ಪು ಗಾಜು ಬೇಕಿಲ್ಲ.